ಕೆಂಪಿಗೆ ಬಂದ ಕಳಂಕ

ಬಂಡಳ್ಳಿಯ ಪ್ರಭುಸ್ವಾಮಿ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಕೊಳ್ಳೇಗಾಲದ ಆಫೀಸಿಗೆ ಎಂಟೂವರೆ ಬಸ್ಸು ಹಿಡಿಯಲು ಹೊರಟಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಬಸಮ್ಮ ಹಿತ್ತಿಲ ಬೇಲಿಯ ಆಚೆಯಿಂದ ಬೀದಿಗೆಲ್ಲ ಕೇಳುವಂತೆ ಕೂಗಿದಳು.

“ಪ್ರಭುವೋ! ನಿನ್ ಕೋಳಿ ನನ್ ರೇಸ್ಮೆ ಉಳಾನೆಲ್ಲ ತಿಂದಾಕ್ಬುಡ್ತು ಕಣಪ್ಪೋ!”

ಗೂಡು ಕಟ್ಟಲು ಎರಡೇ ದಿನ ಬಾಕಿಯಿದ್ದ, ಬೆರಳು ಗಾತ್ರದ ಹುಳುಗಳ ತಟ್ಟೆಯೊಂದನ್ನು ಅವಳು ಜಗಲಿಯಲ್ಲಿಟ್ಟು ಸೊಪ್ಪು ತರಲು ಒಳಗೆ ಹೋಗಿದ್ದಳು. ಬರುವಷ್ಟರಲ್ಲಿ ತಟ್ಟೆಯ ಒಂದು ಮೂಲೆ ಬೋಳಾಗಿತ್ತು. ಕೆಂಪು ಕೋಳಿಯೊಂದು ಬೇಲಿ ನುಸುಳುತ್ತಿತ್ತು.

ಪ್ರಭುಸ್ವಾಮಿಗೆ ಮೈಯೆಲ್ಲ ಉರಿದುಹೋಯಿತು. ಅವನು ಸಾಕಿದ ಏಳು ನಾಟಿ ಕೋಳಿಗಳಲ್ಲಿ ಕೆಂಪಗಿದ್ದದ್ದು ಕೆಂಪಿ ಒಂದೇ. ಮರಿಯಾಗಿದ್ದಾಗ ಹದ್ದಿನ ಕಾಲಿನಿಂದ ಬಿಡಿಸಿ, ಗಾಯಕ್ಕೆ ಅರಿಸಿನ ಮೆತ್ತಿ, ತನ್ನ ಹಳೇ ಬನಿಯನ್ನಿನಲ್ಲಿ ಸುತ್ತಿ ಬೆಳೆಸಿದ ಕೋಳಿ ಅದು. ತನ್ನನ್ನೇ ಕಳ್ಳ ಅಂದಿದ್ದರೂ ಅವನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ.

“ದೊಡ್ಡವ್ವ, ಬಾಯಿಗೆ ಬಂದಂಗೆ ಮಾತಾಡ್ಬ್ಯಾಡ! ನನ್ ಕೆಂಪಿ ರಾಗಿ ನುಚ್ಚು ಬುಟ್ಟು ಬ್ಯಾರೇದ್ನ ಮೂಸೂ ನೋಡಕಿಲ್ಲ. ಕಾಗೆ ತಿಂದಿರ್ಬೇಕು!”

“ಕೆಂಪು ಕಾಗೆ ಎಲ್ಲದಪ್ಪ?”

ಬೇಲಿಯ ಬಳಿ ಜನ ಸೇರಿದರು. ಹೆಂಡತಿ ಪುಷ್ಪ ಊಟದ ಡಬ್ಬಿ ಹಿಡಿದು ಓಡಿಬಂದು, “ಬಸ್ಸು ಬಂತು, ಓಗಿ. ಸಂದೇಲಿ ಬಂದ್ಮೇಲೆ ಜಗಳ ಆಡೀರಂತೆ” ಎಂದಳು.

“ಬಸ್ಸು ನಾಳೆನೂ ಬತ್ತದೆ. ಮರ್ವಾದೆ ಓದ್ರೆ ಬತ್ತದಾ?” ಎಂದು ಅವನು ಗುಡುಗಿದ. ಬಸ್ಸು ಹೋಯಿತು.

ಗಲಾಟೆ ಕೇಳಿ ಮಹದೇವಯ್ಯ ಬಂದರು. ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ರಿಟೈರಾದ ಮೇಲೂ ಎದುರು ಸಿಕ್ಕವರನ್ನೆಲ್ಲ ಟಿಕೆಟ್ ಇಲ್ಲದವರಂತೆ ನೋಡುವ ಅಭ್ಯಾಸ ಬಿಟ್ಟಿರಲಿಲ್ಲ.

“ಕೋಳಿ ಮುಂದ್ಕೆ ಉಳ ಇಕ್ಕವ” ಎಂದರು. “ಕುಕ್ಕುದ್ರೆ ಅದೇ ಕಳ್ಳಿ. ಕುಕ್ನಿಲ್ಲ ಅಂದ್ರೆ ಬಸವ್ವ ತಪ್ಪಾಯ್ತು ಅನ್ಬೇಕು.”

“ಇಕ್ಕಿ! ಕುಕ್ಕುದ್ರೆ ಇವತ್ತೇ ಏಳು ಕೋಳಿನೂ ಊರಾಚೆ ಕಳುಸ್ತೀನಿ!” ಎಂದು ಪ್ರಭುಸ್ವಾಮಿ ಎದೆ ತಟ್ಟಿಕೊಂಡ. ಮಾತು ಮುಗಿದ ಮೇಲೆ ಆ ಎದೆ ಧಸಕ್ಕೆಂದಿತು. ಹುಳ ಕಂಡು ಸುಮ್ಮನಿರುವ ಕೋಳಿ ಭೂಮಿಯ ಮೇಲೆ ಎಲ್ಲಾದರೂ ಉಂಟೇ? ಪುಷ್ಪ ಹಣೆ ಚಚ್ಚಿಕೊಂಡಳು.

ಈಗ ಕೆಂಪಿಯನ್ನು ಹಿಡಿಯಬೇಕಲ್ಲ! ಅವನು ಮುಂದೆ ಬಂದರೆ ಅದು ಹಿಂದೆ, ಅವನು ಬಗ್ಗಿದರೆ ಅದು ಬೇಲಿಯ ಮೇಲೆ. ಇಸ್ತ್ರಿ ಪ್ಯಾಂಟು ಮೊದಲು ಮುಳ್ಳಿಗೆ ಸಿಕ್ಕಿ ಹರಿಯಿತು, ಆಮೇಲೆ ತಿಪ್ಪೇಗುಂಡಿಗೆ ಇಳಿಯಿತು. ಮೊಣಕಾಲುದ್ದ ಸಗಣಿಯಲ್ಲಿ ನಿಂತಿದ್ದಾಗ ಆಫೀಸಿನ ಮ್ಯಾನೇಜರ್ ಫೋನು ಬಂತು.

“ಸಾ, ಒಸಿ ತಡೀರಿ ಸಾ. ಕೋಳಿ ಇಡೀತಾ ಇವ್ನಿ.”

ಆ ಕಡೆಯಿಂದ ಫೋನು ಕಟ್ಟಾಯಿತು.

ಹತ್ತೂವರೆಗೆ ಬೀದಿಯಲ್ಲಿ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಅಡಿ ಕೆಂಪಿ ಸಿಕ್ಕಿತು. ಓಡಲಾರದೆ ಅದೇ ಕುಕ್ಕರಿಸಿಬಿಟ್ಟಿತ್ತು. ಜಗಲಿಯ ಮೇಲೆ ಸೊಪ್ಪು ಹಾಸಿ ಐದು ಹುಳ ಬಿಟ್ಟರು. ಪ್ರಭುಸ್ವಾಮಿ ಕೋಳಿಯನ್ನು ಎದುರಿಗೆ ಇಳಿಸಿ, ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದ.

ಕೆಂಪಿ ಕತ್ತು ಬಗ್ಗಿಸಿತು. ಒಂದು ಕಣ್ಣಲ್ಲಿ ಹುಳ ನೋಡಿತು, ಇನ್ನೊಂದು ಕಣ್ಣಲ್ಲಿ ನೋಡಿತು. ಆಮೇಲೆ ಬೇಸರದಿಂದ ಎಂಬಂತೆ ಪಕ್ಕಕ್ಕೆ ತಿರುಗಿ, ರೆಕ್ಕೆ ಇಳಿಬಿಟ್ಟು ಕುಳಿತುಕೊಂಡಿತು.

ಜನ ಕೇಕೆ ಹಾಕಿದರು. ಮಹದೇವಯ್ಯ, “ಕೋಳಿ ನಿರಪರಾಧಿ!” ಎಂದರು.

ದೊಡ್ಡಬಸಮ್ಮ ಮುಖ ಸಣ್ಣದು ಮಾಡಿಕೊಂಡಳು. “ತಪ್ಪಾಯ್ತು ಕಣಪ್ಪ.”

ಪ್ರಭುಸ್ವಾಮಿಯ ಸಿಟ್ಟು ಅಷ್ಟಕ್ಕೆ ಇಳಿಯಲಿಲ್ಲ. “ನಂಗ್ಯಾಕೆ ಏಳ್ತೀಯೆ? ಕೆಂಪಿಗೆ ಕೈ ಮುಗ್ದು ಏಳು!”

ಪಾಪ, ಅವಳು ಕೋಳಿಗೆ ಕೈ ಮುಗಿದಳು. ಪ್ರಭುಸ್ವಾಮಿ ಉಬ್ಬಿಹೋದ. ಕೆಂಪಿಯ ಎರಡೂ ಕಾಲು ಹಿಡಿದು, ತಲೆಕೆಳಗಾಗಿ, ಪಂದ್ಯದಲ್ಲಿ ಗೆದ್ದ ಕಪ್ಪಿನಂತೆ ಮೇಲೆತ್ತಿದ. “ಕಣ್ಬುಟ್ಟು ನೋಡ್ಕಳಿ ಎಲ್ರೂವೆ! ಇದ್ನ ಕಳ್ಳಿ ಅಂದ್ರಲ್ಲ!”

ಕೆಂಪಿ ಗೊರಕ್ ಅಂದಿತು. ಅದರ ಕೊಕ್ಕಿನಿಂದ ಒಂದು ಹುಳ ಪೊತ್ ಎಂದು ಬಿತ್ತು. ಅದರ ಹಿಂದೆ ಎರಡು. ಆಮೇಲೆ ಮೂಟೆಯ ಬಾಯಿ ಬಿಚ್ಚಿದಂತೆ ಒಂದು ಹಿಡಿ.

ಜನ ಎರಡು ಹೆಜ್ಜೆ ಹಿಂದೆ ಸರಿದರು.

“ಗಂಟ್ಲು ಮಟ ತಿಂದ್ಮೇಲೆ ಇನ್ನೆಲ್ಲಿ ಕುಕ್ಕದು” ಎಂದು ಮಹದೇವಯ್ಯ ನಿಟ್ಟುಸಿರುಬಿಟ್ಟರು. “ನಾಕ್ ಗಂಟೆ ಬಸ್ಸಿಗೆ ಏಳು ಕೋಳಿನೂ ಅತ್ಸಪ್ಪ.”

ದೊಡ್ಡಬಸಮ್ಮ ಮುಗಿದ ಕೈ ಬಿಡಿಸಿ ಸೊಂಟದ ಮೇಲಿಟ್ಟುಕೊಂಡಳು.

“ಅದಿರ್ಲಿ. ಈಗ ನೀನು ನನ್ ಉಳಕ್ಕೆ ಕೈ ಮುಗಿ.”