ಬೈರಣ್ಣನವರಿಗೆ ಬೇಕಾಗಿದ್ದ ಪೊರೆ

ಹದಿನಾಲ್ಕು ಕೆಜಿ ತೂಗುವ ಹಲಸಿನ ಹಣ್ಣು ಊಟದ ಮೇಜಿನ ನಟ್ಟನಡುವೆ ಕೂತಿತ್ತು. ಬೈರಣ್ಣನವರು ಅದೇ ಮೇಜಿಗೆ ಕೈಯೂರಿ ನಿಂತು, ಹಣ್ಣು ಎಲ್ಲಿ ಹೋಯಿತು ಎಂದು ಯೋಚಿಸುತ್ತಿದ್ದರು.

ಭಾನುವಾರ ಬೆಳಗ್ಗೆ ಎಂಟು ಗಂಟೆ. “ಹಣ್ಣು ಮೇಲಕ್ಕೆ ತನ್ನಿ, ಕೊಯ್ದು ಬಾಡಿಗೆಯೋರಿಗೆಲ್ಲ ತೊಳೆ ಹಂಚೋಣ” ಎಂದು ಹೇಳಿ ಹೆಂಡತಿ ಮುನಿಲಕ್ಷ್ಮಮ್ಮ ಮಹಡಿ ಹತ್ತಿದ್ದರು. ಉತ್ತರಹಳ್ಳಿಯ ಹೊಲ ಲೇಔಟಾಗಿ, ತಮ್ಮ ಪಾಲಿಗೆ ಉಳಿದ ಸೈಟಿನಲ್ಲಿ ಮೂರು ಮಹಡಿ ಎದ್ದು ಇಪ್ಪತ್ತು ವರ್ಷವಾದರೂ ಹಲಸು ಹಂಚುವ ಪದ್ಧತಿಯನ್ನು ಆ ಮನೆ ಬಿಟ್ಟಿರಲಿಲ್ಲ. ಕಣ್ಣೆದುರಿಗಿರುವುದು ಕಾಣದಿರುವ ಪದ್ಧತಿಯನ್ನು ಬೈರಣ್ಣನವರೂ ಬಿಟ್ಟಿರಲಿಲ್ಲ.

ಮಂಚದ ಕೆಳಗೆ ನೋಡಿದರು. ಬಚ್ಚಲಲ್ಲಿ ನೋಡಿದರು. ವಾಷಿಂಗ್ ಮೆಷಿನ್ನಿನ ಮುಚ್ಚಳ ತೆಗೆದೂ ನೋಡಿದರು. ಮನೆಯೆಲ್ಲ ಹಲಸಿನ ವಾಸನೆ ಗಮ್ಮೆನ್ನುತ್ತಿತ್ತು. ವಾಸನೆ ಇದ್ದು ಹಣ್ಣಿಲ್ಲವೆಂದರೆ ಯಾರೋ ಈಗಷ್ಟೇ ಹೊತ್ತುಕೊಂಡು ಹೋಗಿರಬೇಕು ಎಂದು ತರ್ಕಿಸಿ, ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿಯೇಬಿಟ್ಟರು: ‘ನಮ್ಮ ಮನೆಯಲ್ಲಿ ಹಲಸಿನ ಹಣ್ಣು ಕಳವಾಗಿದೆ. ಎಲ್ಲರೂ ಎಚ್ಚರದಿಂದಿರಿ.’

ಮೊದಲು ಓಡಿ ಬಂದವರು ಎದುರು ಮನೆಯ ಅನಂತರಾಮು, ನಿವೃತ್ತ ಹೆಡ್ ಕ್ಲರ್ಕು. ಬೀದಿಯ ಸಿಸಿಟಿವಿಗೆ ತಮ್ಮನ್ನು ತಾವೇ ಉಸ್ತುವಾರಿಯಾಗಿ ನೇಮಿಸಿಕೊಂಡವರು. ಅಷ್ಟರಲ್ಲಿ ಮೇಲಿನ ಮನೆ ಬಾಡಿಗೆಯ ಸುಧಾಮಣಿಯೂ ಇಳಿದು ಬಂದಳು, ಕೈಯಲ್ಲಿ ತೊಳೆ ಹಾಕಿಸಿಕೊಳ್ಳಲು ತಂದ ಡಬ್ಬಿ. ಗೇಟಿನ ಬಳಿಯೇ ವಿಚಾರಣೆ ಶುರುವಾಯಿತು.

“ಫೂಟೇಜ್ ನೋಡ್ಕೊಂಡೇ ಬಂದೆ ಬೈರಣ್ಣ. ಹೊರಗಿನೋರು ಯಾರೂ ಬಂದಿಲ್ಲ. ಅಂದ್ಮೇಲೆ ಒಳಗಿನೋರೇ,” ಎಂದ ಅನಂತರಾಮು ಸುಧಾಮಣಿಯ ಡಬ್ಬಿಯ ಮೇಲೆ ದೃಷ್ಟಿ ನೆಟ್ಟರು.

“ಏನ್ ಅಂಕಲ್ ಹಂಗ್ ನೋಡ್ತೀರಾ? ಇದ್ರಲ್ಲಿ ಹಲಸಿನ ಹಣ್ಣು ಹಿಡಿಯುತ್ತಾ?”

ಗದ್ದಲ ಕೇಳಿ ಮುನಿಲಕ್ಷ್ಮಮ್ಮ ಇಳಿದು ಬಂದರು. ಯಾರನ್ನೂ ಏನೂ ಕೇಳದೆ ನೇರ ಒಳಗೆ ಹೋದರು. ಒಳಗಿನಿಂದ ‘ದಬ್’ ಎಂಬ ಸದ್ದು, ಹಿಂದೆಯೇ “ರೀ!” ಎಂಬ ಕೂಗು. ಎಲ್ಲರೂ ಒಳಗೆ ನುಗ್ಗಿ ನೋಡಿದರೆ, ಕರುವಿನ ಬೆನ್ನ ಮೇಲೆ ಕೈಯಿಟ್ಟಂತೆ ಹಣ್ಣಿನ ಮೇಲೆ ಕೈಯಿಟ್ಟು ಅವರು ನಿಂತಿದ್ದರು.

“ಇದೇನ್ರೀ ಇದು?”

“ಹಲಸಿನ ಹಣ್ಣು,” ಎಂದು ಬೈರಣ್ಣನವರು ಒಪ್ಪಿಕೊಂಡರು.

“ಪುಣ್ಯಕ್ಕೆ ಧಾರೆ ದಿನ ನನ್ನ ಇವ್ರ ಪಕ್ಕದಲ್ಲೇ ಕೂರ್ಸಿದ್ರು. ಇಲ್ದಿದ್ರೆ ಇವತ್ತಿಗೂ ಹೆಣ್ಣು ಹುಡುಕ್ತಾ ಇರ್ತಿದ್ರು.”

ಸುಧಾಮಣಿ ಹಣ್ಣಿನ ಫೋಟೋ ತೆಗೆದು ಗ್ರೂಪಿಗೆ ಹಾಕಿದಳು. ಐದೇ ನಿಮಿಷದಲ್ಲಿ ನಲವತ್ತೆರಡು ಹಳದಿ ಮುಖಗಳು ಕಣ್ಣೀರು ಬರುವಂತೆ ನಕ್ಕವು. ‘ಬಿಲ್ಡಿಂಗ್ ಇದೆಯಾ ನೋಡ್ಕೊಳಿ ಓನರೇ’ ಎಂದು ಯಾರೋ ಬರೆದರು.

“ನಗೋ ವಿಷ್ಯ ಅಲ್ಲ ಇದು,” ಅನಂತರಾಮು ಗಂಭೀರವಾದರು. “ಪೊರೆ. ನಮ್ ಭಾವಂಗೂ ಹೀಗೇ ಶುರುವಾಗಿದ್ದು. ಪಾರ್ಕಲ್ಲಿ ಇವತ್ತು ಕಣ್ಣಿನ ಕ್ಯಾಂಪಿದೆ, ತೋರ್ಸ್ಬಿಡಿ.”

ಪೊರೆ! ಬೈರಣ್ಣನವರ ಎದೆಯಲ್ಲಿ ದೀಪ ಹತ್ತಿದಂತಾಯಿತು. ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲವಲ್ಲ! ಪೊರೆ ಇದೆ ಎಂದು ಡಾಕ್ಟರೊಬ್ಬರು ಹೇಳಿಬಿಟ್ಟರೆ ಮೂವತ್ತನಾಲ್ಕು ವರ್ಷದ ಬೈಗುಳವೆಲ್ಲ ಒಂದೇ ಏಟಿಗೆ ರದ್ದು. ‘ಪಾಪ, ಕಣ್ಣು ಕಾಣ್ದಿರೋ ಮನುಷ್ಯನ್ನ ಸುಮ್ಸುಮ್ನೆ ಬೈದೆ’ ಎಂದು ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ದೃಶ್ಯ ಸ್ಪಷ್ಟವಾಗಿ ಕಂಡಿತು. ಮದುವೆಗೆ ಹೊರಟವರಂತೆ ಇಸ್ತ್ರಿ ಮಾಡಿದ ಷರಟು ತೊಟ್ಟರು. ರಸ್ತೆ ದಾಟುವಾಗ ಮುನಿಲಕ್ಷ್ಮಮ್ಮ ಅವರ ತೋಳು ಹಿಡಿದುಕೊಂಡರು. ಈಚೆಗೆ ಹೀಗೆ ಹಿಡಿಯುವುದುಂಟು. ವಯಸ್ಸಾದಂತೆ ಪ್ರೀತಿ ಹೆಚ್ಚುತ್ತಿದೆ ಎಂದು ಬೈರಣ್ಣನವರ ಲೆಕ್ಕ.

ಪಾರ್ಕಿನ ಶಾಮಿಯಾನದಲ್ಲಿ ಬಡಾವಣೆಯ ಅರ್ಧ ಜನ ಕ್ಯೂ ನಿಂತಿದ್ದರು. ಅನಂತರಾಮು ಫಲಿತಾಂಶಕ್ಕಾಗಿಯೇ ಬಂದಿದ್ದರು. ಡಾಕ್ಟರ್ ಮಧುಶ್ರೀ ಟಾರ್ಚು ಬಿಟ್ಟು ನೋಡಿದರು, ಅಕ್ಷರ ಓದಿಸಿದರು, ಖುಷಿಯಾದರು.

“ಅರವತ್ತೆರಡಕ್ಕೆ ಇಂಥ ಕಣ್ಣು ಅಪರೂಪ ಸಾರ್. ಕೊನೇ ಸಾಲೂ ಓದಿಬಿಟ್ರಿ!”

“ಇನ್ನೊಂದ್ಸಲ ನೋಡಿ ಮೇಡಂ. ಒಂದ್ ಚೂರಾದ್ರೂ ಪೊರೆ…”

“ಒಂದ್ ಚೂರೂ ಇಲ್ಲ.”

ಬೈರಣ್ಣನವರ ಮುಖ ನೋಡಿದ ಹಿಂದಿನವರು ಏನೋ ದೊಡ್ಡ ಕಾಯಿಲೆಯೇ ಇರಬೇಕೆಂದು ನಿಟ್ಟುಸಿರಿಟ್ಟರು. ಡಾಕ್ಟರು ಪಕ್ಕಕ್ಕೆ ತಿರುಗಿ, “ಅಮ್ಮಾ, ಬಂದಿದೀರಲ್ಲ, ನೀವೂ ಕೂತ್ಕೊಳಿ,” ಎಂದರು.

ಮುನಿಲಕ್ಷ್ಮಮ್ಮ ಮೇಲಿನ ದೊಡ್ಡ ಅಕ್ಷರ ಓದಿ ಮುಂದಕ್ಕೆ ಹೋಗಲೇ ಇಲ್ಲ. ಡ್ರಾಪ್ಸ್ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದ ಡಾಕ್ಟರು ಗಾಬರಿಯಾದರು.

“ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ! ಮನೇಲಿ ಸಾಮಾನೆಲ್ಲ ಹೇಗಮ್ಮ ಹುಡುಕ್ತೀರಾ?”

“ಹುಡುಕೋದ್ಯಾಕವ್ವ? ಎಲ್ಲಿಟ್ಟಿದೀನಿ ಅಂತ ಗೊತ್ತಿರುತ್ತಲ್ಲ. ಒಂದೆರಡು ವರ್ಷದಿಂದ ಎಲ್ಲಾ ಮಂಜುಮಂಜು. ಬೆಂಗ್ಳೂರಲ್ಲಿ ಧೂಳು ಜಾಸ್ತಿ ಆಯ್ತು ಅನ್ಕೊಂಡಿದ್ದೆ.”

ಕ್ಯೂಗೆ ಕ್ಯೂವೇ ಬೈರಣ್ಣನವರ ಕಡೆ ತಿರುಗಿತು.

“ಹೆಂಡ್ತಿ ಕಣ್ಣಲ್ಲಿ ಅಷ್ಟ್ ದೊಡ್ಡ ಪೊರೆ,” ಅನಂತರಾಮು ಕೇಳಿದರು, “ಅದೂ ಕಾಣ್ಲಿಲ್ವಾ ಬೈರಣ್ಣ?”

ಬೈರಣ್ಣನವರು ತಮ್ಮ ತೋಳಿನ ಮೇಲೆ ಹೆಂಡತಿಯ ಹಿಡಿತಕ್ಕೆ ಸುಕ್ಕಾಗಿದ್ದ ಇಸ್ತ್ರಿಯನ್ನು ನೋಡುತ್ತ ನಿಂತರು. ಈ ಒಂದು ಮಾತಿಗೆ ಮಾತ್ರ ಯಾರಿಗೂ ನಗು ಬರಲಿಲ್ಲ.

ಗುರುವಾರ ಆಪರೇಷನ್ ಎಂದಾಯಿತು. ಸಂಜೆ ಮುನಿಲಕ್ಷ್ಮಮ್ಮ ಕಪ್ಪು ಕನ್ನಡಕ ಹಾಕಿ ನಡುಮನೆಯಲ್ಲಿ ಕೂತಿದ್ದರು. ಡ್ರಾಪ್ಸಿನಿಂದಾಗಿ ಎದುರಿನ ಗೋಡೆಯೂ ಕಾಣುತ್ತಿರಲಿಲ್ಲ.

“ನೀನು ಏಳ್ಬೇಡ. ಇವತ್ತಿಂದ ಕಾಫಿ ನಂದು,” ಎಂದು ಬೈರಣ್ಣನವರು ಅಡುಗೆಮನೆಗೆ ಹೋದರು. ಮೂರು ನಿಮಿಷ ಡಬ್ಬಿಗಳ ಸದ್ದು. “ಲಕ್ಷ್ಮೀ, ಸಕ್ಕರೆ…”

“ಎದುರಿಗೇ. ಎಡಗೈ ಚಾಚಿ. ಅದಲ್ಲ, ಅದು ಉಪ್ಪು. ಅದರ ಪಕ್ಕದ್ದು.”

ಕೈಯಲ್ಲಿದ್ದದ್ದು ಉಪ್ಪೇ ಆಗಿತ್ತು.

ಕಾಫಿ ಕಷಾಯದಂತಿತ್ತು. ಮುನಿಲಕ್ಷ್ಮಮ್ಮ ಒಂದು ಗುಟುಕೂ ಬಿಡದೆ ಕುಡಿದರು. “ಚೆನ್ನಾಗಿದೆ,” ಎಂದು ಲೋಟ ಕೆಳಗಿಟ್ಟು, ಹೊಸ ಗೆಜ್ಜೆ ಸಿಕ್ಕ ಹುಡುಗಿಯ ದನಿಯಲ್ಲಿ ಅಂದರು: “ಆಪರೇಷನ್ ಆದ್ಮೇಲೆ ಸೂಜಿ ಮೊನೆನೂ ಕಾಣುತ್ತಂತೆ ಕಣ್ರೀ! ಮನೆ ಮೂಲೆಮೂಲೆನೂ!”

“ಕಾಣ್ಲಿ ಕಾಣ್ಲಿ,” ಎಂದರು ಬೈರಣ್ಣನವರು. ನಿಜಕ್ಕೂ ಸಂತೋಷವಾಗಿತ್ತು. ಆಮೇಲೆ ನಿಧಾನವಾಗಿ ಹೊಳೆಯಿತು: ಎರಡು ವರ್ಷದಿಂದ ತಾವು ತಿಂದ ಬೈಗುಳವೆಲ್ಲ ಮಂಜಿನಲ್ಲಿ ಕಂಡಷ್ಟಕ್ಕೆ. ತಲೆಯೆತ್ತಿದರು. ಯುಗಾದಿಗೇ ಒರೆಸಿದ್ದೇನೆಂದು ತಾವು ಹೆಂಡತಿಗೆ ಹೇಳಿದ್ದ ಫ್ಯಾನಿನ ರೆಕ್ಕೆಗಳಿಂದ ಧೂಳು ಬಾವಲಿಯಂತೆ ಜೋತಾಡುತ್ತಿತ್ತು. ಅವರ ಕಣ್ಣಿಗೇ ಕಾಣಿಸಿತೆಂದರೆ ಎಷ್ಟಿರಬೇಕು!

ಗುರುವಾರಕ್ಕೆ ನಾಲ್ಕೇ ದಿನ. ಬೈರಣ್ಣನವರು ಸದ್ದಿಲ್ಲದೆ ಎದ್ದು ಬಟ್ಟೆ ಒದ್ದೆ ಮಾಡಿಕೊಂಡರು. ಏಣಿ ಎಲ್ಲಿದೆ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.