ಹಿಮವಿಲ್ಲದ ಊರಿನ ಜಾರಾಟದ ಮೇಷ್ಟ್ರು

ಜೀವಮಾನದಲ್ಲಿ ನಾನು ಬಹಳ ಆಲೋಚಿಸಿ, ಹಿಂದುಮುಂದು ನೋಡಿ ಹೇಳಿದ ಸುಳ್ಳು ಒಂದೇ ಒಂದು. ಸಿಕ್ಕಿಬಿದ್ದದ್ದೂ ಅದರಲ್ಲೇ.

ಆಗ ನಾನು ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಆರು ವರ್ಷದಿಂದ ನನ್ನದು ಹಂಗಾಮಿ ಕೆಲಸ. ಹಂಗಾಮಿಯವನಿಗೆ ಊರಲ್ಲಿ ಎಷ್ಟು ಮರ್ಯಾದೆ ಅಂತೀರಿ? ಎದುರಿಗೆ ಬಂದವರೆಲ್ಲ "ಇನ್ನೂ ಇದೀರಾ ಮೇಷ್ಟ್ರೇ?" ಎಂದು ಆಶ್ಚರ್ಯಪಡುತ್ತಿದ್ದರು, ಅಷ್ಟು.

ಕೆಲಸ ಹೋದರೆ ಮುಂದೇನು ಎಂಬುದೂ ಗೊತ್ತಾಗಿಹೋಗಿತ್ತು. ಗೌನಿಪಲ್ಲಿಯಲ್ಲಿ ನನ್ನ ಮಾವನವರಿಗೆ ಮಾವಿನ ತೋಪಿತ್ತು. "ಕೆಲ್ಸ ಹೋದ್ರೆ ಬಂದ್ಬಿಡಿ ಅಳಿಯಂದ್ರೆ, ತೋಪು ಕಾಯೋಕೆ ನಂಬಿಕಸ್ತರು ಬೇಕು" ಎಂದು ಪ್ರತಿ ಹಬ್ಬದಲ್ಲೂ ಪ್ರೀತಿಯಿಂದ ಕರೆಯುತ್ತಿದ್ದರು. ತೋಪಿನ ಯಜಮಾನಿಕೆ ನನ್ನ ಭಾವಮೈದನದು. ಅವನು ನನ್ನ ಹಳೆಯ ವಿದ್ಯಾರ್ಥಿ. ಅವನಿಂದ ನಾನು ಹೊಡೆಸಿದ ಬಸ್ಕಿಗಳೆಲ್ಲ ಅವನಿಗೆ ಚೆನ್ನಾಗಿ ನೆನಪಿದ್ದವು.

ಹೀಗಿರುವಾಗ ಕೋಲಾರದ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಹಂಗಾಮಿ ಡ್ರಿಲ್ ಮೇಷ್ಟ್ರುಗಳಿಗೆಲ್ಲ ಪುನರ್ ತರಬೇತಿ ಕೊಡಲಾಗುವುದು, ಅದರಲ್ಲಿ ಪಾಸಾದವರು ಖಾಯಂ, ಆಗದವರು ಮನೆಗೆ. ಜೊತೆಗೊಂದು ಅರ್ಜಿ ನಮೂನೆ. ಲಾಠಿ, ಲೇಜಿಮು ಬಿಟ್ಟು ಬೇರೆ ಯಾವ ವ್ಯಾಯಾಮ ಬಲ್ಲಿರಿ, ಎಲ್ಲಿ ಅಭ್ಯಾಸ ಮಾಡಿದ್ದೀರಿ, ತಿಳಿಸತಕ್ಕದ್ದು.

ಮಾಲೂರಿನ ಡ್ರಿಲ್ ಮೇಷ್ಟ್ರು ಕತ್ತಿವರಸೆ ಎಂದು ಬರೆದಿದ್ದಾರಂತೆ ಎಂಬ ಸುದ್ದಿ ಬಂತು. ಮುಳಬಾಗಿಲಿನವರು ಕುದುರೆ ಸವಾರಿಯಂತೆ. ನನಗೆ ನಗು ಬಂತು. ಪಾಪ, ತಿಳಿಯದ ಜನ! ಕತ್ತಿ ಎಂದರೆ ಕತ್ತಿ ತರಿಸುತ್ತಾರೆ, ಕುದುರೆ ಎಂದರೆ ಕುದುರೆ ತರಿಸುತ್ತಾರೆ. ಪರೀಕ್ಷೆ ಮಾಡಲು ಸಾಧ್ಯವೇ ಇಲ್ಲದ ವಿದ್ಯೆಯನ್ನಲ್ಲವೆ ಬುದ್ಧಿವಂತ ಬರೆಯಬೇಕಾದದ್ದು?

ಹೆಡ್ಮೇಷ್ಟ್ರ ಮೇಜಿನ ಮೇಲೆ ಸೀಮೆಸುಣ್ಣ ಹಾಕಿಡುವ ಒಂದು ವಿಲಾಯಿತಿ ಬಿಸ್ಕತ್ತಿನ ಡಬ್ಬಿ ಇತ್ತು. ಅದರ ಮುಚ್ಚಳದ ಮೇಲೊಂದು ಬಣ್ಣದ ಚಿತ್ರ. ಹಿಮದ ಬೆಟ್ಟ, ಅದರ ಮೇಲಿಂದ ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಜಾರಿ ಬರುತ್ತಿರುವ ಒಬ್ಬ ಬಿಳಿ ದೊರೆ. ನಾನು ಅರ್ಜಿಯಲ್ಲಿ ದುಂಡಗೆ ಬರೆದೆ: "ಹಿಮದ ಮೇಲೆ ಹಲಗೆ ಜಾರಾಟ." ಶ್ರೀನಿವಾಸಪುರಕ್ಕೆ ಹಿಮ ತರಿಸಲು ಮೈಸೂರು ಸರ್ಕಾರದಿಂದಲೂ ಆಗದು!

ಅಷ್ಟಕ್ಕೇ ನಿಲ್ಲಿಸಬೇಕಿತ್ತು. "ಎಲ್ಲಿ ಅಭ್ಯಾಸ?" ಎಂಬ ಜಾಗ ಖಾಲಿ ಉಳಿದಿತ್ತು. ಸರ್ಕಾರಿ ಕಾಗದದಲ್ಲಿ ಖಾಲಿ ಜಾಗ ಬಿಡಬಾರದೆಂದು ನಮ್ಮಪ್ಪ ಹೇಳಿಕೊಟ್ಟಿದ್ದರು. "ಹಿಮದ ಅಭಾವದಿಂದ, ಊರ ಹೊರಗಿನ ಆಂಜನೇಯನ ಗುಡ್ಡದ ಬಂಡೆಯ ಮೇಲೆ" ಎಂದು ತುಂಬಿಸಿದೆ.

ಒಂದು ತಿಂಗಳಿಗೆ ಉತ್ತರ ಬಂತು. ಹೆಡ್ಮೇಷ್ಟ್ರು ಎದ್ದು ನಿಂತು ಓದಿದರು. ವ್ಯಾಯಾಮ ತಪಾಸಣೆಯ ದೊರೆಗಳು ತಮ್ಮ ಸೀಮೆಯಲ್ಲಿ ಎಳೆತನದಿಂದಲೂ ಇದೇ ಜಾರಾಟ ಆಡಿದವರು. ಈ ಸಂಸ್ಥಾನದಲ್ಲಿ ಇಂಥ ಒಬ್ಬ ಶಿಕ್ಷಕನಿರುವುದು ತಿಳಿದು ಅವರಿಗೆ ಪರಮಾನಂದವಾಗಿದೆ. ಆದಕಾರಣ ಸದರಿ ಶಿಕ್ಷಕನಿಗೆ ಪುನರ್ ತರಬೇತಿಯನ್ನು ತಾವೇ ಬಂದು, ಸದರಿ ಬಂಡೆಯ ಮೇಲೆಯೇ, ಖುದ್ದಾಗಿ ಕೊಡಲಿದ್ದಾರೆ. ಜಿಲ್ಲೆಯ ಉಳಿದ ಮೇಷ್ಟ್ರುಗಳೂ ನೋಡಿ ಕಲಿಯಲು ಬರುವರು. ಹಲಗೆಗಳನ್ನು ಸಿದ್ಧವಾಗಿಟ್ಟಿರತಕ್ಕದ್ದು.

ಮನೆಗೆ ಹೋಗಿ ಹೆಂಡತಿ ಲಕ್ಷ್ಮಮ್ಮನಿಗೆ ಎಲ್ಲ ಹೇಳಿದೆ. ಅವಳು ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಯಾಕ್ರೀ, ಗರಡಿ ಅಂತ ಬರೆಯಕ್ಕಾಗ್ತಿರ್ಲಿಲ್ವಾ?"

"ಗರಡಿ ಎಲ್ರಿಗೂ ಬರುತ್ತೆ ಕಣೇ."

"ನಿಮಗೆ ಬರಲ್ವಲ್ಲ!"

ನಾನು ರುಮಾಲು ಬಿಚ್ಚಿ ಗೂಟಕ್ಕೆ ತಗುಲಿಹಾಕಿದೆ.

"ಅಪ್ಪಂಗೆ ಕಾಗದ ಬರೀಲಾ?" ಎಂದಳು. ತಮಾಷೆಗೆ ಕೇಳಿದಳೋ ನಿಜವಾಗಿ ಕೇಳಿದಳೋ ತಿಳಿಯಲಿಲ್ಲ. ಮಾವಿನ ತೋಪು, ಅದರ ನಡುವೆ ಮಂಚದ ಮೇಲೆ ಕಾಲಮೇಲೆ ಕಾಲು ಹಾಕಿ ಕುಳಿತ ಭಾವಮೈದ, ಎಲ್ಲ ಕಣ್ಣೆದುರು ಬಂತು. ಸತ್ತರೂ ಸರಿ, ಜಾರಿಯೇ ಸೈ ಎಂದು ನಿಶ್ಚಯಿಸಿದೆ.

ಬಡಗಿ ಮಸ್ತಾನ್ ಸಾಬಿ ನಮ್ಮೂರಿನ ಎತ್ತಿನಗಾಡಿಗಳಿಗೆಲ್ಲ ಚಕ್ರ ಮಾಡಿಕೊಟ್ಟವನು. ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಅವನ ಮುಂದಿಟ್ಟೆ. ಅವನು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಮೇಷ್ಟ್ರು ಸಾಬ್, ಹಲ್ಗೆ ಮಾಡ್ತೀನಿ. ಇದು ಏನ್ ಕಷ್ಟ ಅಲ್ಲ. ಮುಂದ್ಗಡೆ ಮೂತಿ ಯಾಕೆ ಮೇಲಕ್ಕೆ ಎತ್ತದೆ?"

"ಅದು ಶಾಸ್ತ್ರ" ಎಂದೆ. ನನಗೂ ಗೊತ್ತಿರಲಿಲ್ಲ.

"ಈ ಕೈಯಲ್ಲಿರೋ ಕೋಲು ಮಾತ್ರ ನಾನು ಮಾಡೋದು ಬೇಡ. ನಿಮ್ಮನೇಲೇ ಐತೆ. ನೋಡಿ, ಕೆಳಗೆ ಚಕ್ರ, ಮೇಲೆ ಉದ್ದ ಕೋಲು. ಇದು ಕಡಗೋಲು ಅಲ್ವಾ?"

ನೋಡಿದೆ. ಅನುಮಾನವೇ ಇಲ್ಲ, ಮಜ್ಜಿಗೆ ಕಡೆಯುವ ಕಡಗೋಲೇ! ದೊರೆಗಳು ಬೆಟ್ಟದ ಮೇಲೇಕೆ ಮಜ್ಜಿಗೆ ಕಡೆಯುತ್ತಾರೆಂದು ಕೇಳುವುದು ನಮ್ಮ ಕೆಲಸವಲ್ಲ. ಒಂದು ಕಡಗೋಲು ನಮ್ಮ ಮನೆಯದು, ಇನ್ನೊಂದನ್ನು ಲಕ್ಷ್ಮಮ್ಮ ಗೊಣಗಿಕೊಂಡೇ ಪಕ್ಕದ ಮನೆಯಿಂದ ತಂದುಕೊಟ್ಟಳು.

ಹಲಗೆಗಳು ಸಿದ್ಧವಾದವು. ಬೇವಿನ ಮರ, ಆಳುದ್ದ. ಕತ್ತಾಳೆ ಹಗ್ಗದಿಂದ ಕಾಲಿಗೆ ಕಟ್ಟಿಕೊಂಡು, ಮಸ್ತಾನ್ ಸಾಬಿಯೊಬ್ಬನ ಹೊರತು ಯಾರೂ ಇಲ್ಲದ ಒಂದು ಮಧ್ಯಾಹ್ನ ಬಂಡೆಯ ಮೇಲೆ ನಿಂತು, ದೇವರ ಮೇಲೆ ಭಾರ ಹಾಕಿ, ಕಡಗೋಲು ಊರಿ ಮುಂದಕ್ಕೆ ತಳ್ಳಿದೆ. ಕದಲಲಿಲ್ಲ. ಮತ್ತೆ ತಳ್ಳಿದೆ. ಒಂದು ಅಂಗುಲ ಕೂಡ ಹೋಗಲಿಲ್ಲ! ಒರಟು ಬಂಡೆ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಮಸ್ತಾನ್ ಸಾಬಿ ಹಿಂದಿನಿಂದ ನೂಕಿದರೂ ನಾನು ಸ್ತಂಭದ ಹಾಗೆ ನಿಂತೇ ಇದ್ದೆ.

ಆ ಕ್ಷಣದಲ್ಲಿ ನನಗಾದ ಆನಂದ ಅಷ್ಟಿಷ್ಟಲ್ಲ. ಜಾರದ ಬಂಡೆಯ ಮೇಲೆ ಜಾರಾಟದ ಮೇಷ್ಟ್ರು ಬೀಳುವುದೆಂತು? ದೊರೆ ಬರಲಿ. ಭಂಗಿ ತೋರಿಸುತ್ತೇನೆ. "ಹಿಮವಿದ್ದಿದ್ದರೆ ಈಗ ಹೊರಟುಬಿಡುತ್ತಿದ್ದೆ" ಎಂದು ವಿಷಾದದಿಂದ ಹೇಳುತ್ತೇನೆ. ದೊರೆಯೂ ತನ್ನ ಊರು ನೆನೆದು ನಿಟ್ಟುಸಿರು ಬಿಡುತ್ತಾನೆ. ಖಾಯಂ! ಆ ರಾತ್ರಿ ಗೊರಕೆ ಹೊಡೆದು ನಿದ್ದೆ ಮಾಡಿದೆನೆಂದು ಲಕ್ಷ್ಮಮ್ಮ ದೂರಿದಳು.

ಆ ದಿನ ಬಂತು. ಗುಡ್ಡದ ಬುಡದಲ್ಲಿ ದೊರೆ, ಅವರ ಹಿಂದೆ ಜಿಲ್ಲೆಯ ಡ್ರಿಲ್ ಮೇಷ್ಟ್ರುಗಳು, ಅವರ ಹಿಂದೆ ಊರಿಗೆ ಊರೇ ನಿಂತಿತ್ತು. ಮಾಲೂರಿನವರು ಮಾತ್ರ ಇರಲಿಲ್ಲ. ದೊರೆ ಕತ್ತಿ ತರಿಸಿದ ದಿನದಿಂದ ಅವರಿಗೆ ಜ್ವರವಂತೆ. ನಾನು ಮನಸ್ಸಿನಲ್ಲೇ ಮರುಕಪಟ್ಟು, ಮಸ್ತಾನ್ ಸಾಬಿಯ ಜೊತೆ ಬಂಡೆ ಹತ್ತಿದೆ. ಹಲಗೆ ಕಟ್ಟಿಕೊಳ್ಳುವಷ್ಟರಲ್ಲಿ ಗುಡಿಯಿಂದ ಪೂಜಾರಿ ಮುನಿವೆಂಕಟಪ್ಪ ಓಡಿ ಬಂದರು.

"ಏಮಯ್ಯಾ ಮೇಷ್ಟ್ರೇ! ಆಂಜನೇಯಸ್ವಾಮಿ ಗುಡ್ಡದ ಮ್ಯಾಲೆ ಮೆಟ್ಟು ಹಾಕ್ಕೊಂಡು ನಿಂತಿದೀಯಾ? ಬಿಚ್ಚು ಮೊದ್ಲು!"

ನಾನು ಬಿಚ್ಚಲು ಸಂತೋಷದಿಂದಲೇ ಬಗ್ಗಿದೆ. ಇದಕ್ಕಿಂತ ಒಳ್ಳೆಯ ಕಾರಣ ಎಲ್ಲಿ ಸಿಗುತ್ತದೆ? ದೇವರೇ ಬೇಡವೆಂದ ಮೇಲೆ ದೊರೆ ಏನು ಮಾಡಿಯಾನು? ಆದರೆ ಮಸ್ತಾನ್ ಸಾಬಿಗೆ ತನ್ನ ಕೆಲಸದ ಮೇಲೆ ಅಭಿಮಾನ.

"ಪೂಜಾರಪ್ಪ, ಇದು ಮೆಟ್ಟು ಅಲ್ಲ. ಮೆಟ್ಟು ಹಾಕ್ಕೊಂಡ್ರೆ ಮನುಷ್ಯ ನಡೀತಾನೆ. ಇದ್ರಾಗೆ ನಡೆಯೋಕೇ ಆಗಲ್ಲ. ಇದು ಮನುಷ್ಯನ್ನ ಹೊತ್ಕೊಂಡು ಹೋಗೋದು. ಗಾಡಿ ಇದ್ದಂಗೆ."

ಪೂಜಾರಿ ಬಗ್ಗಿ ಹಲಗೆಯನ್ನು ಮುಟ್ಟಿ ನೋಡಿದರು. ನ್ಯಾಯವಂತ ಮನುಷ್ಯ.

"ಗಾಡಿ ಅಂದ್ರೆ ಸರಿ, ಅಡ್ಡಿಯಿಲ್ಲ" ಎಂದರು. "ಅಲ್ಲಯ್ಯಾ, ಹೊಸ ಗಾಡಿ ಅಂತೀಯ, ಪೂಜೆ ಇಲ್ದೆ ಹೊರಡ್ತೀರಾ? ಬುದ್ಧಿ ಇದೆಯಾ ನಿಮಗೆ?"

ಪೂಜೆ ಬೇಡವೆಂದು ಹೇಳುವ ಧೈರ್ಯ ಯಾರಿಗಿದೆ? ಹಲಗೆಗಳಿಗೆ ಅರಿಶಿನ ಕುಂಕುಮವಾಯಿತು, ಮೂತಿಗೆ ಚೆಂಡುಹೂವಿನ ಹಾರವಾಯಿತು. ಗಾಡಿ ಎಂದ ಮೇಲೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು. ಗಾಲಿ ಇಲ್ಲದ್ದರಿಂದ ಒಂದೊಂದು ಹಲಗೆಯ ಕೆಳಗೆ ಎರಡೆರಡು ಇಟ್ಟರು. ಆಗ ಮಸ್ತಾನ್ ಸಾಬಿ ಹಣೆ ಬಡಿದುಕೊಂಡ.

"ಅರೆ! ಹೊಸ ಗಾಡಿಗೆ ಕೀಲೆಣ್ಣೆ ಹಾಕಿಲ್ಲ ನಾನು!"

ಗಾಡಿಯ ಅಚ್ಚಿಗೆ ಬಳಿಯುವ ಆ ಕಪ್ಪು ಕೀಲೆಣ್ಣೆ ಅವನ ಬಳಿ ಯಾವಾಗಲೂ ಇರುತ್ತಿತ್ತು. "ಬೇಡ ಕಣೋ ಮಸ್ತಾನು" ಎಂದೆ. "ಸುಮ್ನಿರಿ ಸಾಬ್, ನನ್ನ ಹೆಸ್ರು ಹಾಳಾಗ್ತದೆ" ಎಂದು ನನ್ನ ಕಾಲುಗಳನ್ನು ಒಂದೊಂದಾಗಿ ಎತ್ತಿ, ಎತ್ತಿಗೆ ಲಾಳ ಕಟ್ಟುವವನ ಹಾಗೆ ಹಿಡಿದುಕೊಂಡು, ಎರಡೂ ಹಲಗೆಗಳ ಅಡಿಗೆ ಧಾರಾಳವಾಗಿ ಬಳಿದ.

ಕೊನೆಗೆ ಈಡುಗಾಯಿ. ಪೂಜಾರಿ ಒಂದನ್ನು ಬಂಡೆಗೆ ಅಪ್ಪಳಿಸಿದರು. ಹೆಡ್ಮೇಷ್ಟ್ರು ಶಾಲೆಯ ಪರವಾಗಿ ಒಂದು. ಮೇಷ್ಟ್ರಿಗೆ ಒಳ್ಳೆಯದಾಗಲೆಂದು ಊರವರು ಹತ್ತಿ ಬಂದು ತಲೆಗೊಂದು. ನನಗೆ ಅಷ್ಟು ಹಿತೈಷಿಗಳಿದ್ದಾರೆಂದು ಅಂದಿನವರೆಗೂ ಗೊತ್ತಿರಲಿಲ್ಲ! ಕಾಯಿಯ ನೀರು ನನ್ನ ಕಾಲ ಕೆಳಗಿಂದ ಇಳಿಜಾರಿನುದ್ದಕ್ಕೂ ಬಂಡೆಯನ್ನು ತೋಯಿಸುತ್ತ ಹರಿಯಿತು. ನಾನು ಎರಡೂ ಕಡಗೋಲುಗಳನ್ನು ಬಂಡೆಗೆ ಬಲವಾಗಿ ಊರಿಕೊಂಡೆ.

ಕೆಳಗೆ ದೊರೆ ಬಾಯಿಗೆ ಸೀಟಿ ಇಟ್ಟುಕೊಂಡರು. ಅವರು ಊದಲಿಲ್ಲ. ಊದುವ ಮೊದಲೇ ಒಂದು ನಿಂಬೆಹಣ್ಣು ಪಚಕ್ಕೆಂದಿತು.

ನಾನು ಹೊರಟಿದ್ದೆ.

ಹೊರಟೆ ಎಂದರೆ ಹಲಗೆಗಳು ಹೊರಟವು, ನಾನು ಅವುಗಳ ಜೊತೆಗಿದ್ದೆ. ಮೊದಲು ಎರಡೂ ಒಂದೇ ದಿಕ್ಕಿಗೆ ಹೋದವು. ಆಮೇಲೆ ಅವುಗಳಲ್ಲಿ ಭಿನ್ನಾಭಿಪ್ರಾಯ ಬಂತು. ಎಡದ್ದು ಮುಳಬಾಗಿಲ ಕಡೆಗೂ ಬಲದ್ದು ಚಿಂತಾಮಣಿ ಕಡೆಗೂ ತಿರುಗಿದಾಗ ನಾನು ಹಿಂದಕ್ಕೆ ಬಿದ್ದೆ. ಬಿದ್ದವನು ಎದ್ದೆ. ನಾನಾಗಿ ಏಳಲಿಲ್ಲ, ಬಂಡೆಯ ಉಬ್ಬೊಂದು ಎಬ್ಬಿಸಿತು. ಮತ್ತೆ ಪಕ್ಕಕ್ಕೆ ಬಿದ್ದು ಎರಡು ಸುತ್ತು ಉರುಳಿದೆ, ಮತ್ತೆ ಎದ್ದೆ. ಈ ಸಲ ಮುಖ ಗುಡಿಯ ಕಡೆಗೂ ಬೆನ್ನು ದೊರೆಯ ಕಡೆಗೂ ಇತ್ತು. ಮೇಲೆ ಪೂಜಾರಿ ಕೈಮುಗಿದು ನಿಂತಿದ್ದು ಕಾಣಿಸಿತು. ಲಕ್ಷ್ಮಮ್ಮ ಎಲ್ಲಿಂದಲೋ "ಕಡಗೋಲು! ಪಕ್ಕದ್ಮನೇದು ರೀ!" ಎಂದು ಕೂಗಿದ್ದು ಕೇಳಿಸಿತು.

ದೊರೆಯ ಪಕ್ಕದಲ್ಲೇ ಹಿಮ್ಮುಖವಾಗಿ ಹಾದುಹೋಗುವಾಗ ಅವರು "ಮೊಣಕಾಲು ಬಗ್ಗಿಸು!" ಎಂದು ಕಂಟೋನ್ಮೆಂಟಿನ ಕನ್ನಡದಲ್ಲಿ ಗರ್ಜಿಸಿದರು. ಸರ್ಕಾರ ನನಗೆ ಕೊಟ್ಟ ಪುನರ್ ತರಬೇತಿ ಅಷ್ಟೇ. ನಾನು ಬಗ್ಗಿಸುವ ಹೊತ್ತಿಗೆ ಪಕ್ಕದ ಹೊಲದ ರಾಗಿಹುಲ್ಲಿನ ಮೆದೆಯೊಳಗೆ ಪೂರ್ತಿ ಸೇರಿದ್ದೆ. ಹೊರಗೆ ಉಳಿದದ್ದು ಎರಡು ಹಲಗೆ, ಚೆಂಡುಹೂವಿನ ಹಾರ ಸಮೇತ.

ಎಳೆದು ಹೊರಗೆ ಹಾಕಿದರು. ಕಣ್ಣು ಬಿಟ್ಟರೆ ಎದುರಿಗೆ ದೊರೆ.

"ಎಷ್ಟು ವರ್ಷ ಈ ಜಾರಾಟ ಮಾಡ್ತೀ?"

ಹೇಳಲು ಸುಳ್ಳುಗಳು ಬೇಕಾದಷ್ಟಿದ್ದವು. ಬಂಡೆ ಸರಿಯಿಲ್ಲ ಎನ್ನಬಹುದಿತ್ತು, ಎಣ್ಣೆ ಜಾಸ್ತಿಯಾಯಿತು ಎನ್ನಬಹುದಿತ್ತು. ಆದರೆ ಬಾಯಿ ತುಂಬ ಹುಲ್ಲು ತುಂಬಿಕೊಂಡವನಿಗೆ ಸುಳ್ಳು ಹೇಳಲು ನಾಚಿಕೆಯಾಗುತ್ತದೆ. ಸುತ್ತ ನನ್ನ ಶಾಲೆಯ ಹುಡುಗರೆಲ್ಲ ನಿಂತಿದ್ದರು. ಅಳು ಬಂತು. ಹುಲ್ಲು ಉಗಿದು ಹೇಳಿದೆ.

"ಇವತ್ತೇ ಮೊದಲು ಸ್ವಾಮಿ. ಹಿಮ ನಾನು ಕಂಡದ್ದು ಬಿಸ್ಕತ್ತಿನ ಡಬ್ಬಿ ಮೇಲೆ."

ದೊರೆ ನಗಲಿಲ್ಲ. ಪುಸ್ತಕ ತೆಗೆದು ಏನೋ ಬರೆದುಕೊಂಡು, ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದು, ಕೈ, ಕಾಲು, ಕತ್ತು ಎಲ್ಲ ಒತ್ತಿ ನೋಡಿ, ಮತ್ತೆ ಬರೆದುಕೊಂಡು ಹೊರಟುಹೋದರು. ಮೇಷ್ಟ್ರುಗಳೂ ತಲೆ ತಗ್ಗಿಸಿ ಅವರ ಹಿಂದೆ ಹೋದರು. ಲಕ್ಷ್ಮಮ್ಮ ನನ್ನ ಬೆನ್ನಿಗೆ ಅರಿಶಿನ ಹಚ್ಚುತ್ತಾ, "ತೋಪಲ್ಲಾದ್ರೆ ನೆರಳಾದ್ರೂ ಇರುತ್ತೆ ಬಿಡಿ" ಎಂದಳು. ನಾನು ಟ್ರಂಕಿಗೆ ಬಟ್ಟೆ ತುಂಬಿದೆ.

ಹದಿನೈದು ದಿನಕ್ಕೆ ಹುಕುಂ ಬಂತು. ಹೆಡ್ಮೇಷ್ಟ್ರು ಮನೆಗೇ ತಂದು ಓದಿದರು. "ಸದರಿ ಶಿಕ್ಷಕನಿಗೆ ಜಾರಲು ಎಳ್ಳಷ್ಟೂ ಬರುವುದಿಲ್ಲ. ಆದರೆ ಈ ಜಿಲ್ಲೆಯಲ್ಲಿ ತನ್ನ ಅರ್ಜಿ ಸುಳ್ಳೆಂದು ಒಪ್ಪಿಕೊಂಡವನು ಇವನೊಬ್ಬನೇ. ಇದಲ್ಲದೆ, ಆ ಎತ್ತರದಿಂದ ಅಷ್ಟು ಸಲ ಬಿದ್ದರೂ ಇವನ ಒಂದು ಮೂಳೆಯೂ ಮುರಿದಿಲ್ಲ. ಇದು ಹುಟ್ಟಿನಿಂದ ಬಂದ ಪ್ರತಿಭೆ. ಕೆಲಸ ಖಾಯಂ ಮಾಡಲಾಗಿದೆ. ಪ್ರತಿ ವರ್ಷ ಪುನರ್ ತರಬೇತಿಗೆ ಬರುವ ಎಲ್ಲ ಮೇಷ್ಟ್ರುಗಳಿಗೂ, ಪೆಟ್ಟಾಗದಂತೆ ಬೀಳುವುದು ಹೇಗೆಂದು ಇವನೇ ಪಾಠ ಹೇಳತಕ್ಕದ್ದು."

ಅಂದಿನಿಂದ ವರ್ಷಕ್ಕೊಮ್ಮೆ ಕೋಲಾರಕ್ಕೆ ಹೋಗುತ್ತೇನೆ. ಮೈದಾನದ ನಡುವೆ ನಿಂತು, ಎಲ್ಲ ತಾಲ್ಲೂಕುಗಳ ಮೇಷ್ಟ್ರುಗಳ ಎದುರಿಗೆ, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ, ಪಕ್ಕಕ್ಕೊಮ್ಮೆ ಕ್ರಮವಾಗಿ ಬೀಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಮನೆಗೆ ನೆಂಟರು ಬಂದಾಗ ಲಕ್ಷ್ಮಮ್ಮ ಹೆಮ್ಮೆಯಿಂದಲೇ ಹೇಳುತ್ತಾಳೆ: "ಎಲ್ರೂ ಮೇಲಕ್ಕೆ ಹತ್ತಿ ಖಾಯಂ ಆದ್ರೆ, ನಮ್ಮನೆಯವ್ರು ಕೆಳಕ್ಕೆ ಬಿದ್ದು ಖಾಯಂ ಆದ್ರು!"

ನೆಂಟರಿಗೆ ನಮಸ್ಕಾರ ಮಾಡಲು ನಾನು ಎದ್ದು ನಿಲ್ಲುತ್ತೇನೆ. ಸೊಂಟ ಮಾತ್ರ ಇವತ್ತಿಗೂ ನೆಟ್ಟಗಾಗುವುದಿಲ್ಲ.