ಮಾಸ್ತರರ ಚಿತ್ರಕ್ಕೊಂದು ಮಾತು

ಕಲೆಯ ಬಗ್ಗೆ ಮಾತಾಡಲೆಂದು ನಾಲ್ಕು ಜನ ಕೂಡಿದಲ್ಲಿ, ಕಲೆಯೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಮಾತು ನಡೆಯುತ್ತದೆ. ಇದನ್ನು ನಾನು ಬೀದರ್ ಜಿಲ್ಲೆಯ ಮೂರು ಊರುಗಳಲ್ಲಿ ಊಟಕ್ಕೆ ಕೂತು ಕಂಡಿದ್ದೇನೆ.

ಬೀದರ್‌ನ ನಮ್ಮ ಓಣಿಯಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರರಿದ್ದರು. ತಿಂಗಳಿಗೊಮ್ಮೆ ಅವರ ಮನೆಯಲ್ಲಿ ಬೈಠಕ್. ಗೋಡೆಗೆ ಅವರು ಬರೆದ ಚಿತ್ರ, ನಡುಮನೆಯಲ್ಲಿ ಊಟ, ಎರಡರ ನಡುವೆ ಮಾತುಕತೆ, ಯೋಜನೆ ಹಾಗಿತ್ತು. ಮಳೆ ಕೈಕೊಟ್ಟ ವರ್ಷಗಳವು. ಬೈಠಕ್‌ಗೆ ಬರುವವರು ಕುಡಿಯುವ ನೀರನ್ನು ತಾವೇ ತರಬೇಕೆಂಬ ರೂಢಿ ಬಿದ್ದಿತ್ತು. ಕೈಯಲ್ಲಿ ತಂಬಿಗೆ ಹಿಡಿದು ಸಾಲಾಗಿ ಹೊರಟ ಕಲಾರಸಿಕರನ್ನು ಕಂಡು ದಾರಿಹೋಕರು ಬೇರೇನೋ ಊಹಿಸಿಕೊಂಡು ಮುಖ ತಿರುಗಿಸಿದ್ದೂ ಉಂಟು.

ಊಟದ ತನಕ ಯಾರೂ ಚಿತ್ರದ ಕಡೆ ನೋಡುತ್ತಿರಲಿಲ್ಲ. ಊಟವಾದ ಮೇಲೆ ನೋಡುವಷ್ಟು ಕಣ್ಣು ತೆರೆದಿರುತ್ತಿರಲಿಲ್ಲ. ಒಂದು ದಿನ ಮಾಸ್ತರರ ಹೆಂಡತಿ ನನ್ನೆದುರೇ ಹೇಳಿಬಿಟ್ಟರು:

“ದಸರಾ ತನಕ ನೋಡ್ತೇನ್ರಿ. ಒಬ್ಬರರೆ ನಿಮ್ಮ ಚಿತ್ರದ ಬಗ್ಗೆ ಬಾಯಿ ಬಿಚ್ಚಿದ್ರ ಸರಿ. ಇಲ್ಲಂದ್ರ ಚಿತ್ರ ಅಟ್ಟಕ್ಕ, ಬೈಠಕ್ ಬಂದ್. ಇಷ್ಟ್ ಮಂದಿಗಿ ನಾ ಇನ್ನ ರೊಟ್ಟಿ ಬಡಿಯಂಗಿಲ್ಲ.”

ಮಾಸ್ತರರ ಮುಖ ಸಣ್ಣದಾಯಿತು. ಅವರಿಗೆ ಹೊಗಳಿಕೆಯೇ ಬೇಕೆಂದೇನೂ ಇರಲಿಲ್ಲ. ಯಾರಾದರೂ ಬೈದಿದ್ದರೂ ಸಾಕಿತ್ತು.

ಅರ್ಧ ಗ್ಲಾಸು ನೀರು

ಮುಂದಿನ ಬೈಠಕ್‌ನಲ್ಲಿ ಮಾಸ್ತರರು ಎಲ್ಲರ ಕಣ್ಣೆದುರೇ ಚಿತ್ರ ಬರೆಯಲು ಕೂತರು. ಬರೆಯುವುದನ್ನು ನೋಡಿದವರು ಏನಾದರೂ ಹೇಳಲೇಬೇಕಲ್ಲ ಎಂಬುದು ಅವರ ಲೆಕ್ಕಾಚಾರ. ಹೆಂಡತಿ ಅರ್ಧ ಗ್ಲಾಸು ನೀರು ತಂದಿಟ್ಟರು. ಮಾಸ್ತರರು ಕೆಂಪು ಹತ್ತಿದ ಕುಂಚ ಅದ್ದಿದರು. ನೀರು ಕೆಂಪಾಯಿತು. ಇಡೀ ಸಭೆ ನಿಟ್ಟುಸಿರಿಟ್ಟಿತು.

ನಿವೃತ್ತ ತಹಸೀಲ್ ಗುಮಾಸ್ತರೊಬ್ಬರು ಕೇಳಿದರು: “ಮಾಸ್ತರ, ಕುಡ್ಯಾ ನೀರೇನ್ರಿ ಅದು?”

“ಹೌದ್ರಿ.”

“ಬ್ಯಾರೆ ನೀರಾಗ ನಡೆಯಂಗಿಲ್ಲೇನು?”

ಮಾಸ್ತರರು ಕೋಟೆಯ ಗೋಡೆ ಬರೆದರು, ಬುರುಜು ಬರೆದರು. ನೋಡುವವರೆಲ್ಲ ಗ್ಲಾಸು ನೋಡುತ್ತಿದ್ದರು. ಕುಂಚ ತೊಳೆಯಲು ಹೋದಾಗ ಗುಮಾಸ್ತರು ಮತ್ತೆ ತಡೆದರು: “ತೊಳೀಬ್ಯಾಡ್ರಿ. ಅದರಾಗೇ ಮುಂದಿನ ಗ್ವಾಡಿನೂ ಮುಗಿಸ್ರಿ. ಕ್ವಾಟಿ ಎಲ್ಲಾ ಒಂದ ಬಣ್ಣ ಅದ.”

ಚಿತ್ರ ಮುಗಿಯಿತು. ಗುಮಾಸ್ತರು ಕನ್ನಡಕ ಏರಿಸಿಕೊಂಡು ಮುಂದೆ ಬಾಗಿದರು. ಮಾಸ್ತರರು ಚಿತ್ರವನ್ನು ಅವರತ್ತ ತಿರುಗಿಸಿದರು.

“ಉಳಿದ ನೀರು ತುಳಸಿಗಿ ಹಾಕ್ಬಹುದೇನ್ರಿ?”

“ಇದು ಲೆಕ್ಕಕ್ಕಿಲ್ಲ ನೋಡ್ರಿ,” ಎಂದರು ಒಳಗಿನಿಂದ ಮಾಸ್ತರರ ಹೆಂಡತಿ.

ಭಾಲ್ಕಿಯ ಪಾಳಿ

ಭಾಲ್ಕಿಯಲ್ಲಿ ಮಾಸ್ತರರ ಪರಿಚಯದ ನಿವೃತ್ತ ನರ್ಸಮ್ಮ ಒಬ್ಬರು ಅದರ ಮುಂದಿನ ಬೈಠಕ್‌ಗೆ ತಮ್ಮ ಮನೆಗೆ ಕರೆದರು. ಮಿಷನ್ ಆಸ್ಪತ್ರೆಯಲ್ಲಿ ವಾರ್ಡು ಆಳಿದವರು; ಶಿಸ್ತಿನ ಹೆಂಗಸು. ಒಬ್ಬೊಬ್ಬರೂ ಒಂದೊಂದು ಅಡುಗೆ ತರಬೇಕು, ಪಾಳಿ ಪ್ರಕಾರ ಮಾತಾಡಬೇಕು ಎಂದು ಮೊದಲೇ ತಿಳಿಸಿದ್ದರು. ಮಾಸ್ತರರ ಕೋಟೆಯ ಚಿತ್ರವನ್ನು ಊಟದ ಮೇಜಿನ ಮೇಲ್ಗಡೆಯೇ ತೂಗುಹಾಕಿದ್ದರು. ತಪ್ಪಿಸಿಕೊಳ್ಳುವಂತಿರಲಿಲ್ಲ.

ನರ್ಸಮ್ಮ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಮಳೆಗಾಗಿ, ದುಡಿಯಲು ಹೈದರಾಬಾದಿಗೆ ಹೋದವರಿಗಾಗಿ, ಕೊನೆಗೆ ಮಾಸ್ತರರ ಕೈಗಾಗಿ. ಆಮೆನ್ ಅಂದ ಮೇಲೆ ಡಬ್ಬಿಗಳ ಮುಚ್ಚಳ ತೆರೆದೆವು. ಎಲ್ಲದರಲ್ಲೂ ಪುಂಡಿ ಪಲ್ಯ. ಆ ವರ್ಷ ಬಜಾರಿನಲ್ಲಿ ಹಸಿರಾಗಿದ್ದದ್ದು ಪುಂಡಿ ಸೊಪ್ಪೊಂದೇ.

ಪ್ರತಿಯೊಬ್ಬರೂ ತಾವು ತಂದಿದ್ದನ್ನೇ ಬಡಿಸಿಕೊಂಡು, ತಾವೇ ತಿಂದು, ತಾವೇ ಹೊಗಳಿದರು. ಜೋಳದ ನುಚ್ಚು ಎಷ್ಟು ಬೀಳಬೇಕು, ಶೇಂಗಾ ಹಾಕಬೇಕೋ ಬೇಡವೋ ಎಂದು ಗದ್ದಲವೆದ್ದಿತು.

“ಪಾಳಿ! ಪಾಳಿ!” ನರ್ಸಮ್ಮ ಚಮಚದಿಂದ ಮೇಜು ಬಡಿದರು. “ಚಿತ್ರ ಬರ್ದವರು ಮದಲ ಮಾತಾಡ್ಲಿ. ಮಾಸ್ತರ, ಏಳ್ರಿ.”

ಎಲ್ಲರ ತಲೆ ಅವರತ್ತ ತಿರುಗಿತು. ಮಾಸ್ತರರು ಎದ್ದುನಿಂತು ಗಂಟಲು ಸರಿಮಾಡಿಕೊಂಡರು. ಇಷ್ಟು ದಿನ ಕಾದ ಗಳಿಗೆ.

“ನಮ್ಮ ಮನಿದರಾಗ ಬಳ್ಳೊಳ್ಳಿ ಜರಾ ಜಾಸ್ತಿ ಬಿದ್ದದ,” ಎಂದರು. “ಆದ್ರೂ ಒಮ್ಮಿ ರುಚಿ ನೋಡ್ರಿ.”

ತೆರೆದ ಬಾಗಿಲು

ದಸರೆಗೆ ಮೊದಲಿನ ಕೊನೆಯ ಬೈಠಕ್ ಔರಾದ್‌ನಲ್ಲಿ, ಒಬ್ಬ ಬ್ಯಾಂಕ್ ನೌಕರರ ಮನೆಯಲ್ಲಿ. ಮಾಸ್ತರರ ಹೆಂಡತಿಯೂ ಬಂದಿದ್ದರು, ತೀರ್ಪು ಕೊಡಲು. ಮಾಸ್ತರರು ಹಿಂದೊಮ್ಮೆ ಬರೆದಿದ್ದ ಚಿಂತಾಕಿ ಎಂಬ ಹಳ್ಳಿಯ ಓಣಿಯೊಂದರ ಚಿತ್ರ ತಂದಿದ್ದರು: ಎರಡು ಕಡೆ ಮನೆಗಳು, ಎಲ್ಲ ಬಾಗಿಲು ತೆರೆದಿವೆ, ಕಟ್ಟೆಯ ಮೇಲೆ ಬಿಸಿಲು.

ನೌಕರರ ಸೋದರತ್ತೆ, ಎಲ್ಲರೂ ಆಯಿ ಎನ್ನುವ ಮುದುಕಿ, ಅದೇ ಓಣಿಯವರು. ಅಲ್ಲಿಯ ಮನೆಮಂದಿಯೆಲ್ಲ ಹೈದರಾಬಾದು, ಪುಣೆ ಎಂದು ದುಡಿಯಲು ಹೋಗುವಾಗ ಬೀಗ ಹಾಕಿ ಚಾವಿಯನ್ನು ಈಕೆಯ ಕೈಗೆ ಕೊಟ್ಟು ಹೋಗಿದ್ದರು. ಆ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡೇ ಆಯಿ ಔರಾದಿಗೆ ಬಂದಿದ್ದರು.

ಎಲೆ ಹಾಕುವಾಗ ಆಯಿಯ ಕಣ್ಣು ಗೋಡೆಗೆ ಬಿತ್ತು.

“ಯಾರ್ರಿ ಇದು ಮಾಡಿದವ್ರು?”

“ನಾನೇ, ಆಯಿ.”

“ಬಾಗಲ ಯಾಕ ತೆರದೀರಿ?”

ಮಾಸ್ತರರು ತಟ್ಟನೆ ತಿರುಗಿ ಹೆಂಡತಿಯ ಕಡೆ ನೋಡಿದರು. ಹೆಂಡತಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

“ಬೆಳಕು ಒಳಗ ಬರ್ಲಿ ಅಂತ, ಆಯಿ...”

“ಬೆಳಕಿನ ಜೋಡಿ ಕಳ್ಳನೂ ಬರ್ತಾನ. ಚಾವಿ ನನ್ನ ಕಡಿ ಅವ. ನಾಳಿ ಅವರು ಇದು ನೋಡಿದ್ರ, ಮುದುಕಿ ಮನಿ ಬಿಚ್ಚಿಟ್ಟು ಔರಾದಿಗಿ ಉಣ್ಣಾಕ ಹೋಗಿತ್ತು ಅಂತಾರ. ಕೀಲಿ ಹಾಕ್ರಿ. ಅಲ್ಲಿತನಕ ನಾ ಉಣ್ಣಂಗಿಲ್ಲ.”

ಹಿರಿಯರು ಉಣ್ಣದೆ ಯಾರೂ ಉಣ್ಣುವಂತಿಲ್ಲ. ಸಾರು ಆರುತ್ತಿತ್ತು. ಇಡೀ ಸಭೆ ಚಿತ್ರದ ಮುಂದೆ ನೆರೆಯಿತು. ಯಾವ ಬಾಗಿಲು ಯಾರದು, ಚಿಲಕ ಎಡಕ್ಕೋ ಬಲಕ್ಕೋ, ಬೆಳಕು ಯಾವ ಕಡೆಯದು, ನೆರಳು ಸರಿಯಿದೆಯೋ ಇಲ್ಲವೋ. ಎಂದೂ ಬಾಯಿ ಬಿಚ್ಚದವರೆಲ್ಲ ವಿಮರ್ಶಕರಾದರು. ಮಾಸ್ತರರು ಬಣ್ಣ ಕಲಸಿ ಒಂದೊಂದೇ ಬಾಗಿಲು ಮುಚ್ಚಿ ಬೀಗ ಜಡಿದರು. ಅಷ್ಟು ಖುಷಿಯಿಂದ ತಮ್ಮ ಚಿತ್ರವನ್ನು ತಾವೇ ಕೆಡಿಸಿದ ಕಲಾವಿದರನ್ನು ನಾನು ಮತ್ತೆ ಕಂಡಿಲ್ಲ.

“ಬೈಠಕ್ ನಡೀಲಿ,” ಎಂದು ಹೆಂಡತಿ ತೀರ್ಪು ಕೊಟ್ಟರು. ಆಯಿ ಉಂಡರು. ಎಲ್ಲರೂ ಉಂಡರು.

ಹೊರಡುವಾಗ ಮಾಸ್ತರರು ಚಿತ್ರ ಇಳಿಸಿ ಬಗಲಲ್ಲಿಟ್ಟುಕೊಂಡರು. ಆಯಿ ಬಾಗಿಲಿಗೆ ಅಡ್ಡ ಬಂದು ನಿಂತರು.

“ಕೀಲಿ ಹಾಕಿದ ಮನಿ ಹೊತ್ಕೊಂಡು ಎಲ್ಲಿ ಹೊಂಟ್ರಿ, ಮಾಸ್ತರ? ಅವರೆಲ್ಲ ಊರಿಗಿ ಬರೋತನಕ ಇಲ್ಲಿ ಇಡ್ರಿ.”